ಗ್ಯಾಸ್ಕೆಟ್

ದೂಮಣ್ಣನ ಯೆಜ್ಡಿಯನ್ನು ನಾನು ಕೊಂಡದ್ದು
ತೂಕದ ಲೆಕ್ಕದಲ್ಲಿ,
ತೊಕ್ಕೊಟ್ಟಿನ ಗುಜರಿಯವನ ತಕ್ಕಡಿ ಸಾಕ್ಷಿ.
ಟ್ಯಾಂಕಿನೊಳಗೆ ಇಣುಕಿದರೆ ಕೆಂಪು ಹುಡಿಯ ಗುಡ್ಡೆ,
ಒಂದು ಸೈಲೆನ್ಸರಿನಲ್ಲಿ ಕಣಜದ ಗೂಡು.
ಕೀಲಿ ಇಲ್ಲ. "ಮೊಳೆ ಹಾಕಿದರೂ ಆಗ್ತದೆ ಮಾರಾಯ" ಎಂದ,
ಆಗುವ ಹಾಗಿದ್ದರೆ ಅವನೇ ಓಡಿಸುತ್ತಿದ್ದ.

ಸಮುದ್ರದಿಂದ ನಮ್ಮ ಅಂಗಳಕ್ಕೆ ನಾನೂರು ಹೆಜ್ಜೆ.
ಉಳ್ಳಾಲದ ಗಾಳಿಗೆ ಕಬ್ಬಿಣ ಕಂಡರೆ ಹಸಿವು.
ಹದಿನಾಲ್ಕರ ಬೋಲ್ಟಿಗೆ ಹದಿನಾಲ್ಕರ ಸ್ಪ್ಯಾನರು ಕೂರುವುದಿಲ್ಲ:
ಸವೆದ ಕಡೆ ಹದಿಮೂರು, ಊದಿದ ಕಡೆ ಹದಿನೈದು.
ನಾಡದೋಣಿಯವರಲ್ಲಿ ಬೇಡಿ ತಂದ ಸೀಮೆಎಣ್ಣೆ ಸವರಿ
ಒಂದು ರಾತ್ರಿ ಬಿಡಬೇಕು.
ಮಾರನೆಯ ರಾತ್ರಿ ಮತ್ತೆ.
ಮೂರನೆಯ ದಿನ ಉಳಿ ಆನಿಸಿ ಸುತ್ತಿಗೆಯ ಸಣ್ಣ ಪೆಟ್ಟು,
ಬಿಚ್ಚುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೆ.
ಹೇಳಿಕೊಟ್ಟವರು ಬಂದರಿನ ಲೇತ್ ಇದಿನಬ್ಬ,
ಬೋಟಿನ ಇಂಜಿನುಗಳ ಜೊತೆ ಐವತ್ತು ವರ್ಷ ಜಗಳಾಡಿದವರು:
"ಮೊದಲು ಅದರ ಮಾತಿಗೆ ಹೌದು ಅನ್ನು.
ಆಮೇಲೆ ನಿನ್ನ ಮಾತು."

ಅಮ್ಮ ಮೊದಲ ವಾರ ಅಂಗಳಕ್ಕೇ ಇಳಿಯಲಿಲ್ಲ.
ಆ ಗಾಡಿಯ ಸದ್ದು ಅವಳಿಗೆ ಗೊತ್ತು.
ಬೀಡಿ ಬ್ರಾಂಚಿನ ಚೆಕ್ಕರ್ ದೂಮಣ್ಣ;
ಸಂಜೆ ನಾಲ್ಕಕ್ಕೆ ತಿರುವಿನಲ್ಲಿ ಡುಬುಡುಬು ಕೇಳಿದರೆ
ಓಣಿಯ ಹೆಂಗಸರೆಲ್ಲ ತಡ್ಪೆಯ ಮೇಲೆ ಬಗ್ಗಿ
ಸಡಿಲಾದದ್ದನ್ನು ಕಟ್ಟಿನ ನಡುವಿಗೆ ತುರುಕುವರು.
ಅವನು ನಡುವಿನದ್ದನ್ನೇ ಎಳೆಯುವನು.
ಎರಡು ಬೆರಳಲ್ಲಿ ಒತ್ತಿ, "ಛಾಟ್" ಎಂದು ಪಕ್ಕಕ್ಕೆ.
ಛಾಟಾದದ್ದಕ್ಕೆ ದುಡ್ಡಿಲ್ಲ, ಬೀಡಿಯೂ ವಾಪಸಿಲ್ಲ.
ನನ್ನ ಐದನೆಯ ಕ್ಲಾಸಿನ ಚಪ್ಪಲಿ ಹೋದದ್ದು ಹಾಗೆ,
ಈ ಸೀಟಿನ ಹಿಂದೆ ಕಟ್ಟಿದ್ದ ಗೋಣಿಯಲ್ಲಿ.

ಇಂಜಿನ್ ಹೋಳಾದ ದಿನ ಬೇರಿಂಗು ಹೊರಗೆ ಬರಲೊಲ್ಲದು.
ಕೇಸಿನ ಒಂದು ಹೋಳನ್ನು ಒಳಗೆ ತಂದು
ನೀರುದೋಸೆಯ ಕಾವಲಿಯ ಮೇಲಿಟ್ಟೆ.
ಚಿಮುಕಿಸಿದ ಹನಿ ಕುಣಿದು ಓಡಬೇಕು,
ಆಗ ಬಟ್ಟೆಯಲ್ಲಿ ಹಿಡಿದು ಮಣೆಗೆ ಕವುಚಿ ಒಂದು ಕುಟ್ಟು:
ಹಾಲುಹಲ್ಲಿನಂತೆ ಬಿತ್ತು.
ಹೊಸದು ಹಿಂದಿನ ರಾತ್ರಿಯಿಂದ ಫ್ರೀಜರಿನಲ್ಲಿತ್ತು, ಬಂಗುಡೆಯ ಪಕ್ಕ.
ಇದು ಹಿಗ್ಗಿ, ಅದು ಕುಗ್ಗಿ,
ಸುತ್ತಿಗೆ ಮುಟ್ಟದೆಯೇ ಕೂತುಕೊಂಡಿತು.
ಅಮ್ಮ ಕೇಳಿದ್ದು ಒಂದೇ:
"ನಾಳೆ ದೋಸೆ ಯಾವುದರಲ್ಲಿ?"

ಗ್ಯಾಸ್ಕೆಟ್ ಕಾಗದವನ್ನು ಬ್ಲೇಡಿನಲ್ಲಿ ಮೂರು ಸಲ ಕೊಯ್ದೆ,
ಮೂರು ಸಲವೂ ಬೋಲ್ಟಿನ ತೂತಿನ ಹತ್ತಿರ ಹರಿಯಿತು.
ನಾಲ್ಕನೆಯ ಸಲ ಕಾಗದದ ಮೇಲೆ ನೆರಳು.
ತಗಡಿನ ಡಬ್ಬಿಯಿಂದ ಬೀಡಿ ಕತ್ತರಿ ತಂದಿದ್ದಳು,
ಹನ್ನೆರಡು ವರ್ಷ ಯಾರೂ ಮುಟ್ಟದ ಕತ್ತರಿ.
ಈ ಮನೆಯಲ್ಲಿ ತುಕ್ಕು ಹಿಡಿಯದ ಕಬ್ಬಿಣ ಅದೊಂದೇ.
"ಅಚ್ಚು ಎಲ್ಲಿ?"
ಇಂಜಿನ್ನಿನ ಮುಚ್ಚಳ ಕೊಟ್ಟೆ.
ಕಾಗದ ಹೊದೆಸಿ ಅಂಚಿನ ಸುತ್ತ ಹೆಬ್ಬೆರಳು ಓಡಿಸಿದಳು,
ಹಳೆಯ ಎಣ್ಣೆ ತಾನೇ ಗೆರೆ ಎಳೆಯಿತು.
ಆಮೇಲೆ ಕತ್ತರಿ ನಿಲ್ಲಲಿಲ್ಲ. ಕಣ್ಣು ರಸ್ತೆಯ ಮೇಲೆ;
ದಿನಕ್ಕೆ ಸಾವಿರ ಎಲೆ ಕೊಯ್ದ ಕೈ ಅದು,
ನೋಡುವ ಕೆಲಸವನ್ನು ಕಣ್ಣಿಗೆ ಬಿಟ್ಟುಕೊಟ್ಟಿಲ್ಲ.

ಪಾಯಿಂಟಿನ ಸಂದು ನಾಲ್ಕು ಪಾಯಿಂಟು, ಅಂದರೆ
ಮಿಲ್ಲಿಮೀಟರಿನ ಅರ್ಧಕ್ಕೂ ಕಡಿಮೆ.
ಅಳೆಯುವ ತಗಡು ನನ್ನ ಹತ್ತಿರ ಇತ್ತು.
ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ,
ಸಂದಿನೊಳಗೆ ಒಮ್ಮೆ ಎಳೆದು ನೋಡಿ,
"ಇನ್ನೊಂದು ಕೂದಲು" ಎಂದಳು.
ಸರಿಯಾಗಿತ್ತು ಅವಳ ಕೂದಲು.

ಅಲ್ಲಿಗೆ ಏಳುತ್ತಾಳೆ ಅಂದುಕೊಂಡೆ.
ಏಳಲಿಲ್ಲ. ನಟ್ಟುಗಳ ತಟ್ಟೆಯನ್ನು ತಡ್ಪೆಯ ಹಾಗೆ
ಮಡಿಲಿಗೆ ಎಳೆದುಕೊಂಡಳು.
ಮೇಲಿನದ್ದನ್ನಲ್ಲ, ಅಡಿಗೆ ನಾನು ತಳ್ಳಿದ್ದನ್ನೇ ಹೆಕ್ಕಿ,
ಮೂಲೆ ಸವೆದಿದೆಯೋ ಎಂದು ಉಗುರಿನಲ್ಲಿ ತಿರುಗಿಸಿ,
"ಛಾಟ್."
ಮತ್ತೊಂದು. "ಛಾಟ್."
ಹನ್ನೊಂದು.
"ಅಮ್ಮ, ಅದು ನಡೀತದೆ."
"ನಾನೂ ಹಾಗೇ ಹೇಳ್ತಿದ್ದೆ ಅವನ ಹತ್ತಿರ."

ಗಾಡಿ ಇನ್ನೂ ಸ್ಟಾರ್ಟ್ ಆಗಿಲ್ಲ.
ನಾಳೆ ಬೆಳಿಗ್ಗೆ ನಲವತ್ತನಾಲ್ಕರ ಬಸ್ಸಿನಲ್ಲಿ ಬಂದರಿಗೆ ಹೋಗಬೇಕು,
ಹೊಸ ಹನ್ನೊಂದಕ್ಕೆ.
ಹಳೆಯದನ್ನು ಅವಳು ಇಟ್ಟುಕೊಳ್ಳಲಿಲ್ಲ:
ಡಬ್ಬಿಯ ತಳದಲ್ಲಿ ಉಳಿದಿದ್ದ ನೂಲು ಸುತ್ತಿ,
ಗಂಟು ಹಾಕಿ, ಲೆಕ್ಕ ಹೇಳಿ,
ನನ್ನ ಕೈಗೇ ವಾಪಸು ಕೊಟ್ಟಳು.