ಹದಿನಾಲ್ಕು ಗಂಟೆ

ಟೀವಿಯಲ್ಲಿ ಹೇಳಿದರು: ಬರುವ ಜನವರಿಯಿಂದ
ಗಂಟೆಗೆ ಮೂರು ನಾಣ್ಯ ಹೆಚ್ಚು.
ಮೂಲೆಯ ಮೇಜಿನ ಟ್ಯಾಕ್ಸಿ ಡ್ರೈವರು ಚಮಚ ಎತ್ತಿ ಹಿಡಿದು
'ಮುಗೀತಲ್ಲ ನಿನ್ನ ಕತೆ' ಅಂದ.
ಅವನ ಬಟ್ಟಲಿಗೆ ಇನ್ನಷ್ಟು ಈರುಳ್ಳಿ ಸೊಪ್ಪು ಉದುರಿಸಿದೆ,
ಬಾಯಿಗೆ ಕೆಲಸ ಇರಲಿ ಅಂತ.

ಮೂರು ನಾಣ್ಯ. ಬುಸಾನಿನ ಈ ಏರು ಓಣಿಯಲ್ಲಿ
ಕಾಫಿ ಯಂತ್ರ ಕೂಡ ಅಷ್ಟಕ್ಕೆ ಬಾಯಿ ಬಿಡುವುದಿಲ್ಲ ಈಗ.
ಆದರೆ ನಾಣ್ಯ ಒಂಟಿಯಾಗಿ ಬರುವುದಿಲ್ಲವಲ್ಲ,
ಗ್ಯಾಸಿನವನ ಚೀಟಿ, ಬಾಡಿಗೆ, ಆ್ಯಪಿನವರ ಕಮಿಷನ್ನು,
ಈ ಸಲ ಬಂಗಾರವಾದ ಎಲೆಕೋಸು,
ಎಲ್ಲ ಕೈ ಕೈ ಹಿಡಿದು ಬೀಗರ ಹಾಗೆ ಬರುತ್ತವೆ,
ಉಂಡು ಹೋಗುತ್ತವೆ.

ಬಾಗಿಲು ಎಳೆದ ಮೇಲೆ ರಸೀದಿಯ ಬೆನ್ನಿಗೆ ಒಂದು ಲೆಕ್ಕ ಹಾಕಿದೆ.
ಹಾಕಬಾರದಿತ್ತು.
ಬೆಳಗಿನ ನಾಲ್ಕಕ್ಕೆ ಹಂದಿ ಮೂಳೆ ತೊಳೆಯಲು ಕೂತವಳು
ರಾತ್ರಿ ಹತ್ತಕ್ಕೆ ಎದ್ದರೆ ಎಷ್ಟು ಗಂಟೆ,
ತಿಂಗಳ ಕೊನೆಗೆ ಡಬ್ಬಿಯಲ್ಲಿ ಉಳಿದದ್ದೆಷ್ಟು,
ಭಾಗಿಸಿದೆ. ಮತ್ತೆ ಭಾಗಿಸಿದೆ.
ಕಾನೂನಿಗಿಂತ ಕೆಳಗೆ ಬಿದ್ದಿದ್ದೇನೆ ನಾನು.
ಈ ಅಂಗಡಿಯ ಯಜಮಾನಿ ಕಡಿಮೆ ಕೂಲಿಗೆ ದುಡಿಸುತ್ತಾಳೆಂದು
ನನ್ನ ಮೇಲೆ ನಾನೇ ದೂರು ಕೊಡಬಹುದು.

ಇಷ್ಟಕ್ಕೇ ನಿಲ್ಲಿಸಿದ್ದರೆ ನೀವು ನನ್ನ ಕಡೆ ಇರುತ್ತಿದ್ದಿರಿ.
ಡ್ರೈವರನಿಗೂ ಇಷ್ಟೇ ಹೇಳಿದ್ದು.

ಹೇಳದೆ ಬಿಟ್ಟದ್ದು:
ವಾರಕ್ಕೆ ಹದಿನೈದು ಗಂಟೆ ಮುಟ್ಟಿದರೆ
ರಜೆಯ ದಿನಕ್ಕೂ ಕೂಲಿ ಕೊಡಬೇಕು.
ಹಾಗಾಗಿ ನನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಯಾರೂ ಮುಟ್ಟುವುದಿಲ್ಲ.
ದಾಓಲ್ ಹದಿನಾಲ್ಕು, ಮಾಲ್ಸುನ್ ಹದಿನಾಲ್ಕು,
ಇನ್ನೊಬ್ಬ ಹುಡುಗ, ಹೆಸರು ಬಾಯಿಗೆ ಹತ್ತುವ ಮೊದಲೇ ಬಿಟ್ಟುಹೋದ,
ಹದಿನಾಲ್ಕು.
ಮಾಂಸ ಕೊಯ್ದಂತೆ ಕೊಯ್ಯುತ್ತೇನೆ ವಾರವನ್ನು,
ತೆಳ್ಳಗೆ, ಒಂದೇ ಅಳತೆಗೆ. ಆ ಕೈ ಪಳಗಿದೆ ನನಗೆ.

ದಾಓಲ್ ಏಪ್ರನ್ ಮಡಚಿ ಚೀಲಕ್ಕೆ ತುರುಕಿ
ಕೋಳಿ ಕರಿಯುವ ಅಂಗಡಿಗೆ ಓಡುತ್ತಾಳೆ: ಅಲ್ಲಿ ಹದಿನಾಲ್ಕು.
ಶನಿವಾರ ಭಾನುವಾರದ ರಾತ್ರಿ ಸ್ಟೇಷನ್ ಎದುರಿನ ಗೂಡಂಗಡಿ: ಅಲ್ಲೂ.
ಮೂವರು ಯಜಮಾನರು, ಮುಖ ಕಂಡವರಲ್ಲ,
ಒಬ್ಬಳು ಹುಡುಗಿಯನ್ನು ಸಮನಾಗಿ ಹಂಚಿಕೊಂಡಿದ್ದೇವೆ
ಜಗಳವಿಲ್ಲದೆ.
ಒಂದು ಮಧ್ಯಾಹ್ನ ಸೌಟು ಹಿಡಿದು ನಿಂತಲ್ಲೇ ತೂಕಡಿಸಿದಳು.
ಗದರಲು ಬಾಯಿ ತೆರೆದೆ.
ಯಾರ ಗಂಟೆಯ ನಿದ್ದೆ ಅದು,
ನನ್ನದೋ, ಕೋಳಿಯವನದೋ?

ಮೊನ್ನೆ ಟೈ ಕಟ್ಟಿದವನೊಬ್ಬ ಬಂದಿದ್ದ, ಪರದೆಯ ಯಂತ್ರ ಮಾರಲು.
'ಬೆರಳಿಟ್ಟರೆ ಆರ್ಡರು, ಅಮ್ಮಾ. ಇದಕ್ಕೆ ರಜೆ ಇಲ್ಲ, ಬೆನ್ನು ನೋವಿಲ್ಲ.'
ಮಾಲ್ಸುನ್ ಒರೆಸುವ ಬಟ್ಟೆ ಹಿಂಡುತ್ತಾ ಕೇಳಿದಳು,
'ಕುಡಿದು ಬಂದವನು ಅಳೋಕೆ ಶುರುಮಾಡಿದರೆ ಅದು ಏನು ಮಾಡುತ್ತೆ?'
ಅವನು ಬ್ರೋಷರು ತಿರುವಿ ನೋಡಿದ, ನಿಜವಾಗಿ.
ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು.
ಬ್ರೋಷರನ್ನು ಮಾತ್ರ ನಾನು ಎಸೆದಿಲ್ಲ.
ಅಕ್ಕಿ ಡಬ್ಬದ ಹಿಂದೆ ಇದೆ.

ಇವತ್ತು ಅಂಗಡಿಗೆ ರಜೆ. ಮೂಳೆಗೆ ರಜೆ ಇಲ್ಲ, ಕುದಿಯುತ್ತಿದೆ.
ಸ್ಟೂಲು ಹತ್ತಿ ಬೆಲೆಪಟ್ಟಿಗೆ ಹೊಸ ಅಂಕಿ ಅಂಟಿಸಲು ಹೋದೆ.
ಹಳೆಯದರ ಮೇಲೆ ಹಳೆಯದು, ಚೀಟಿ ದಪ್ಪವಾಗಿ
ಬೊಜ್ಜು ಬಂದವನ ಹಾಗೆ ಗೋಡೆಯಿಂದ ಮುಂದೆ ನಿಂತಿದೆ.
ಉಗುರಲ್ಲಿ ಒಂದು ಪದರ ಎಬ್ಬಿಸಿದೆ. ಕೆಳಗೊಂದು.
ಅದರ ಕೆಳಗೆ ಹಳೆಯ ಒಡತಿಯ ಕೈಬರಹ,
ನಾನು ಹಿಂದಿನ ಮೋರಿಯ ಪಕ್ಕ ಕುಕ್ಕರಗಾಲಲ್ಲಿ
ಬಟ್ಟಲು ಉಜ್ಜುತ್ತಿದ್ದ ಕಾಲದ ಅಂಕಿ.
ಆಗ ಒಂದು ಬಟ್ಟಲು ಸಾರೆಂದರೆ ನನ್ನ ಎರಡು ಗಂಟೆ.
ಗಿರಾಕಿ ಬಿಟ್ಟದ್ದನ್ನು ಬಿಸಿ ಮಾಡಿ ಕೊಡುತ್ತಿದ್ದಳು.
ಒಳ್ಳೆಯವಳು ಅನ್ನುತ್ತಿದ್ದರು ಎಲ್ಲರೂ. ನಾನೂ.

ಹೊಸ ಚೀಟಿ ಸ್ವಲ್ಪ ಸೊಟ್ಟಗೆ ಅಂಟಿತು. ಇರಲಿ.
ಕ್ಯಾಲೆಂಡರಿನಲ್ಲಿ ದಾಓಲ್ ಹೆಸರಿನ ಮುಂದಿನ ಅಂಕಿಯನ್ನು
ರಬ್ಬರಿನಿಂದ ಅಳಿಸಿದ್ದೇನೆ. ಏನೂ ಬರೆದಿಲ್ಲ.
ಎಷ್ಟು ಬೇಕೋ ಅವಳೇ ಕೇಳಲಿ.
ಅವಳು ಕೇಳುವವಳಲ್ಲ, ನನಗೆ ಗೊತ್ತು.
ನಾನೂ ಕೇಳಿರಲಿಲ್ಲ.