ಲಾಳಿಗೆ ರಜೆ ಇದ್ದ ದಿನ

‘ಇಂಥದ ಇನ್ನೊಂದು ಪಟ್ಟಿ ಕೊಡೋ ತಮ್ಮಾ’ ಅಂದಳು ಸಾವಂತ್ರೆವ್ವ,
ಗುಳಿಗೆ ಮುಗಿದ ಬೆಳ್ಳಿ ಹಾಳೆಯನ್ನು ಗಾಜಿನ ಮೇಲಿಟ್ಟು.
ಬಾಗಲಕೋಟೆಯ ದವಾಖಾನೆಯಿಂದ
ಬನಪ್ಪ ಮನೆಗೆ ಬಂದು ಹನ್ನೆರಡು ದಿನ.
ಎದೆಯೊಳಗೆ ಒಂದು ಸ್ಟೆಂಟು,
ಅವಳ ಕೈಯಲ್ಲಿ ನಾಲ್ಕು ಮಡಿಕೆಯ ಡಿಸ್ಚಾರ್ಜ್ ಕಾಗದ,
ತುಂಬ ಇಂಗ್ಲಿಷು, ಅದರ ಮೇಲೆ ಚಹಾದ ಕಲೆ.

‘ಹೆಂಗದಾರ?’
‘ಅರಾಮ ಅದಾರ. ನಿನ್ನೆ ಮಗ್ಗದ ಕುಣಿಯಿಂದ ಏಳೋ ಮುಂದ
ಕಣ್ಣಿಗಿ ಕತ್ತಲಿ ಬಂತಂತ, ಅಷ್ಟ.’

ಅಷ್ಟ.
ಆ ಮಾತಿಗೆ ನನ್ನ ಕೈ ನಿಂತಿತು.
ಗುಳೇದಗುಡ್ಡದ ಸಂಜೆ, ಅಂಗಡಿ ಮುಂದೆ ನಾಲ್ಕು ಮಂದಿ,
ಕೆಮ್ಮಿಗೆ ಒಬ್ಬ, ಕೂಸಿನ ಪೌಡರಿಗೆ ಒಬ್ಬಳು,
ಐನೂರರ ನೋಟು ಬೀಸುತ್ತ ಚಿಲ್ಲರೆ ಚಿಲ್ಲರೆ ಎನ್ನುವವ.
ಕೊಟ್ಟು ಕಳಿಸಿಬಿಡಬಹುದಿತ್ತು.
‘ಮನ್ಯಾಗಿನ ಗುಳಿಗಿ ಎಲ್ಲಾ ತಗೊಂಡ ಬಾ ಯವ್ವಾ, ಹಳೇವೂ.’

ಬಿಸ್ಕೀಟಿನ ಡಬ್ಬಿ ಬಂತು. ಹಿಂದೆಯೇ ಬನಪ್ಪ, ಗೋಡೆ ಹಿಡಿದು.
ಡಬ್ಬಿಯೊಳಗೆ ದವಾಖಾನೆಯ ಗುಲಾಬಿ ಪಟ್ಟಿ,
ಗಾಜಿನ ಮೇಲೆ ಅವಳಿಟ್ಟ ಖಾಲಿ ಪಟ್ಟಿ:
ಕಂಪನಿ ಬೇರೆ, ಹೆಸರು ಬೇರೆ, ಒಳಗಿನ ಮದ್ದು ಒಂದೇ.
ತವರಿನಲ್ಲಿ ನೀಲವ್ವ, ಗಂಡನ ಮನೆಯಲ್ಲಿ ಅನ್ನಪೂರ್ಣ,
ಬಂದವಳು ಒಬ್ಬಳೇ, ಹಾಗೆ.
ಎರಡನ್ನೂ ನುಂಗುತ್ತಿದ್ದ ಬನಪ್ಪ, ದಿನಾ, ಭಕ್ತಿಯಿಂದ.
ರಕ್ತ ತೆಳುವಾಗುವ ಗುಳಿಗೆಯ ಮಗ್ಗುಲಲ್ಲೇ
ಮೊಣಕಾಲು ನೋವಿನದೊಂದು, ಸಂತೆಯ ದಿನ ಕೊಂಡದ್ದು.
ಖಾಲಿ ಪಟ್ಟಿಯ ಬೆನ್ನ ಮೇಲೆ ನೀಲಿ ಮಸಿ: ೧–೦–೦.
ಅಕ್ಷರ ನನ್ನದೇ.
ಎರಡು ವರ್ಷದಿಂದ ಕೊಟ್ಟದ್ದು ಇದೇ ಕೈ.

ಫೋನು ಮಾಡಿದೆ. ಕಿವಿಯಲ್ಲಿ ಹಾಡು, ಆಮೇಲೆ ಯಾರೋ,
ಮತ್ತೆ ಅದೇ ಹಾಡು, ಆಮೇಲೆ
ನಿದ್ದೆಗೆಟ್ಟ ಹುಡುಗ ಡಾಕ್ಟರನ ದನಿ:
ಹೌದು, ಹಳೆಯದು ನಿಲ್ಲಬೇಕಿತ್ತು. ಅವರು ತೋರಿಸಲಿಲ್ಲ.
ನಾವೂ ಕೇಳಲಿಲ್ಲ. ನೋವಿನದೂ ಬೇಡ. ನಾಳೆಯೇ ಬರಲಿ.
ತಪ್ಪು ಯಾರದೆಂಬ ಮಾತನ್ನು
ಇಬ್ಬರೂ ಎತ್ತಲಿಲ್ಲ.

ಗಂಡ ಹೆಂಡತಿಗೆ ಓದು ಬರದು. ಬಣ್ಣ ಬರುತ್ತದೆ,
ನನಗಿಂತ ನೂರು ಪಾಲು.
ಖಣಕ್ಕೆ ನೇಯ್ದು ಉಳಿದ ರೇಷ್ಮೆ ಎಳೆ ತಂದಳು.
ಮುಂಜಾನೆಗೆ ಕೆಂಪು. ಮಧ್ಯಾಹ್ನದ ಊಟಕ್ಕೆ ಹಸಿರು.
ರಾತ್ರಿಗೆ ಕಪ್ಪು ಕಟ್ಟಹೋದೆ, ಕೈ ಹಿಡಿದಳು:
‘ಕರೀದು ಬ್ಯಾಡ. ಜೀವದ ಮಾತು.’
ರಾತ್ರಿಗೆ ಹಳದಿಯಾಯಿತು.

‘ಈಗ ನೀವು ಹೇಳ್ರಿ, ನಾ ಕೇಳ್ತೀನಿ.’
ಬನಪ್ಪ ಗಂಟಲು ಸರಿಮಾಡಿಕೊಂಡ:
‘ಕೆಂಪಂದು, ಮುಂಜಾನೆ ಮೊದಲನೇ ಲಾಳಿ ಒಗಿಯೋ ಮುಂದ…’
ನಾನು ಕಲಿಸಿರದ ಮಾತು. ಅವನದೇ.
ಗೆದ್ದೆ ಅಂದುಕೊಂಡೆ.

ಹದಿನೈದು ದಿನಕ್ಕೆ ಎಣಿಸಿದರೆ
ಕೆಂಪು ನೂಲಿನ ಪಟ್ಟಿಯಲ್ಲಿ ಒಂದು ಗುಳಿಗೆ ಹೆಚ್ಚು,
ಹಾಸಿನಲ್ಲಿ ತಪ್ಪಿದ ಎಳೆಯಂತೆ ಎದ್ದು ಕಾಣುತ್ತಿತ್ತು.
‘ಅವತ್ತು ಅಮಾಸಿ’ ಅಂದ ಬನಪ್ಪ. ‘ಮಗ್ಗ ಹೂಡಲಿಲ್ಲ.’
ಲಾಳಿಯೇ ಇಲ್ಲದ ಮೇಲೆ ಗುಳಿಗೆ ಎಲ್ಲಿಯದು
ಎಂಬಂತೆ ನನ್ನನ್ನೇ ನೋಡಿದ.

ಇಪ್ಪತ್ತು ವರ್ಷ ಗಲ್ಲಾದ ಹಿಂದೆ ಕೂತರೂ ಹೊಳೆದಿರಲಿಲ್ಲ:
ಔಷಧಿಯನ್ನು ಯಾವುದಕ್ಕೆ ಕಟ್ಟುತ್ತೇವೋ
ಅದಕ್ಕೆ ರಜೆ ಇರಬಾರದು.
ಚಹಾ? ಸೋಮವಾರ ಮುಟ್ಟುವುದಿಲ್ಲವಂತೆ.
ಬಾದಾಮಿಯ ಮೊದಲ ಬಸ್ಸು? ಬಂದರೆ ಬಂತು.
ಸುಮ್ಮನೆ ನಿಂತಿದ್ದ ಸಾವಂತ್ರೆವ್ವ ಸೆರಗಿಗೆ ಕೈ ಒರೆಸಿಕೊಂಡು
‘ನಾ ರೊಟ್ಟಿ ಬಡಿಯೋ ಸಪ್ಪಳಕ್ಕ ಕಟ್ಟು’ ಅಂದಳು.
‘ಅದಕ್ಕ ಅಮಾಸಿ ಇಲ್ಲ, ಹುಣ್ಣಿವಿ ಇಲ್ಲ.
ಹೋಳಿಗಿ ಮಾಡಿದ ದಿನನೂ ನಾಕು ರೊಟ್ಟಿ ಇದ್ದ ಇರ್ತಾವು.’
ನಗಲಿಲ್ಲ.

ನಾನು ಕೆಂಪು ಗಂಟು ಬಿಚ್ಚಿ ಮತ್ತೆ ಕಟ್ಟಿಕೊಟ್ಟೆ.
ಷಟರು ಎಳೆಯುವಾಗ ನೆನಪಾಯಿತು:
ಇಷ್ಟು ದಿನದಲ್ಲಿ ಆ ತೋಳಿಗೆ ಪಟ್ಟಿ ಸುತ್ತಿ
ಅವಳ ಬಿ.ಪಿ. ಯಾರೂ ನೋಡಿಲ್ಲ.