ಬಿರುಕು ಮಡಕೆ

ಬಾಸ್ಟನ್. ಸಾವಿರದ ಒಂಬೈನೂರ ಇಪ್ಪತ್ತೆಂಟರ ಜನವರಿ.
ನಾನಾಗ ಹತ್ತಿಯ ತುಣುಕು ಎಣಿಸುವ ದಾದಿ.
ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು,
ಕಳೆದುಹೋಗದಿರಲೆಂದು ಒಂದೊಂದಕ್ಕೂ ಕರಿದಾರದ ಬಾಲ.

ವೆರೂತೆಗೆ ಆರು ವರ್ಷ.
ಬೆಳಗೆದ್ದರೆ ವಾಂತಿ, ಆಮೇಲೆ ಹಸಿವು, ಆಮೇಲೆ ಶಾಲೆ.
ಜಂತು ಎಂದರು ಒಬ್ಬರು. ಕನ್ನಡಕ ಬೇಕು ಎಂದರು ಇನ್ನೊಬ್ಬರು.
ಓಲಾಡುವ ಹಡಗಿನಲ್ಲಿ ನಡೆಯುವವಳಂತೆ ಕಾಲಗಲಿಸಿ ಬಂದಳು,
ಕತ್ತು ಒಂದು ಪಕ್ಕಕ್ಕೆ ವಾಲಿಸಿ,
ಯಾರದೋ ಗುಟ್ಟು ಕೇಳಿಸಿಕೊಳ್ಳುವ ಹಾಗೆ.

ಡಾಕ್ಟರ್ ಥ್ರೋಪ್ ಬೆರಳು ಮಡಿಸಿ ನೆತ್ತಿಯ ಮೇಲೆ ತಟ್ಟಿದರು,
ಸಂತೆಯಲ್ಲಿ ಮಡಕೆ ಕೊಳ್ಳುವವರಂತೆ.
ಬಾಗಿಲ ಬಳಿ ಟೋಪಿ ಹಿಸುಕುತ್ತ ನಿಂತಿದ್ದ ಅಪ್ಪ ಕಾಜಿಸ್
ಬೆಚ್ಚಿ ತಲೆಯೆತ್ತಿದ.
ಲಿಥುವೇನಿಯಾದ ಕುಂಬಾರ; ಇಲ್ಲಿ ಜಾಡಿ ಕಾರ್ಖಾನೆಯಲ್ಲಿ ಆವಿಗೆ ಕಾಯುವವ.
ಆ ಸದ್ದು ಏನೆಂದು
ಅವನಿಗೆ ಇಂಗ್ಲಿಷಿನಲ್ಲಿ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕವುಚಿ ಮಲಗಿಸಿದೆವು. ಈಥರ್. ಐದು ತಾಸು.
ದೊಡ್ಡವರ ತಲೆಯಲ್ಲಿ ಕಲಿತದ್ದನ್ನು
ಮಕ್ಕಳ ತಲೆಯೆದುರು ಮರೆಯಬೇಕಿತ್ತು.
ಅವರಲ್ಲಿ ಒಂದು ಲೋಟ ರಕ್ತ ಹೋದರೆ ಹೋಯಿತು,
ಇವಳಲ್ಲಿ ಇದ್ದದ್ದೇ ಕೆಲವು ಲೋಟ.
ಕಿರುಮೆದುಳಿನ ನಡುವೆ ಬೂದುಗೆಂಪು, ಕೆನೆಯಷ್ಟು ಮೆದು;
ಎಲ್ಲಿ ಅದು ಮುಗಿದು ಎಲ್ಲಿ ಅವಳು ಶುರು
ಡಾಕ್ಟರಿಗೂ ತಿಳಿಯಲಿಲ್ಲ.
ಎಂಬತ್ತಮೂರು ಹೋದವು. ಎಂಬತ್ತಮೂರು ಬಂದವು.
ನನ್ನ ಲೆಕ್ಕವೊಂದು ಸರಿಯಾಗಿತ್ತು.

ಎದ್ದಳು. ಬೀಟ್‌ರೂಟ್ ಸಾರು ಕೇಳಿದಳು.
ಮಾರ್ಚಿಗೆ ಗೋಡೆ ಹಿಡಿಯದೆ ನಡೆದಳು,
ಬೂಟಿನ ದಾರ ಕಟ್ಟಲು ಕಲಿತಳು, ಎರಡು ಹಾಲುಹಲ್ಲು ಬಿದ್ದವು.
ಸೆಪ್ಟೆಂಬರಿನಲ್ಲಿ ಮತ್ತೆ ಬೆಳಗಿನ ವಾಂತಿ.

ದಪ್ಪ ಪುಸ್ತಕದಲ್ಲಿ ಡಾಕ್ಟರ್ ಬರೆದರು:
ಬದುಕಿದ್ದು ಇನ್ನೂರ ಎಪ್ಪತ್ತೊಂದು ದಿನ.
ಅಲ್ಲಿಯವರೆಗೆ ಆ ಪುಟದಲ್ಲಿ ಅದೇ ದೊಡ್ಡ ಅಂಕಿ.

ಒಂದು ಭಾನುವಾರ ಕಾಜಿಸ್ ಬಂದ.
ನೀವು ಇಟ್ಟುಕೊಂಡದ್ದನ್ನು ನೋಡಬೇಕು, ಅಂದ.
ನೆಲಮಾಳಿಗೆಗೆ ಕರೆದೊಯ್ದೆ. ಕಪಾಟು, ಗಾಜಿನ ಜಾಡಿ, ನಂಬರು.
“ಇದೂ ಅವಳ ಜೊತೆ ಮಣ್ಣಿಗೆ ಹೋಗಬೇಕಿತ್ತು.”
“ಮುಂದಿನ ಮಗುವಿಗೆ ಬೇಕು,” ಎಂದೆ,
ನಾನೇ ನಂಬಿದ್ದೆನೋ ಇಲ್ಲವೋ.
ಅವನು ಜಾಡಿಯನ್ನು ಬೆಳಕಿಗೆ ಹಿಡಿಯಲಿಲ್ಲ, ಒಳಗೆ ನೋಡಲಿಲ್ಲ.
ಬಾಯಂಚಿನ ಸುತ್ತ ಹೆಬ್ಬೆರಳಾಡಿಸಿದ.
“ಮುಚ್ಚಳ ಸಡಿಲ. ಆರಿಹೋಗುತ್ತದೆ.”

ಮುಂದಿನ ಭಾನುವಾರ ಮೇಣ ತಂದ, ಪುಟ್ಟ ಸ್ಟೋವು ತಂದ.
ಅವಳದಕ್ಕೆ ಬಳಿದು ಮುಗಿಸಿ, ಅಂಗಿಯ ತೋಳು ಇನ್ನೊಂದು ಮಡಿಕೆ ಏರಿಸಿ,
ಪಕ್ಕದ ಜಾಡಿಗೆ ಕೈ ಹಾಕಿದ.